ಅಳಿಯನ ಗುಂಡು ಹತ್ತಿದ್ದು

ಹತ್ತುವುದರಲ್ಲಿ ನನಗೆ ಮೊದಲಿನಿಂದಲೂ ನಂಬಿಕೆ ಕಡಿಮೆ. ಮನುಷ್ಯ ಮೇಲಕ್ಕೆ ಹೋಗಬೇಕೆಂಬ ಇಚ್ಛೆ ದೇವರಿಗೆ ಇದ್ದಿದ್ದರೆ ಎರಡು ರೆಕ್ಕೆಯನ್ನಾದರೂ ಕೊಡುತ್ತಿದ್ದ, ಕಡೆಗೆ ಒಂದು ಬಾಲವನ್ನಾದರೂ ಉಳಿಸುತ್ತಿದ್ದ. ಎರಡೂ ಇಲ್ಲದ ಮೇಲೆ ನೆಲ ಹಿಡಿದು ಕೂಡುವುದೇ ಧರ್ಮ ಎಂದು ವಾದಿಸುವವನು ನಾನು. ಅದಕ್ಕೆ ತಕ್ಕ ಹಾಗೆ ಹುಟ್ಟಿದ್ದೂ ಕಲಬುರಗಿಯಲ್ಲಿ. ಈ ಸೀಮೆಯ ಎರೆ ನೆಲವನ್ನು ಯಾವ ತಾಯಿಯೋ ಜೋಳದ ರೊಟ್ಟಿ ಬಡಿದ ಹಾಗೆ ಬಡಿದು ಹರವಿದ್ದಾಳೆ. ಎತ್ತ ನೋಡಿದರೂ ಸಪಾಟು. ಹತ್ತಬೇಕೆಂದರೂ ಹತ್ತಲು ಏನೂ ಇಲ್ಲ ಎಂಬ ಧೈರ್ಯದ ಮೇಲೆ ಬೆಳೆದವನು ನಾನು. ನನ್ನ ಆಯುಷ್ಯದಲ್ಲಿ ಏರಿದ ಅತಿ ಎತ್ತರದ ಜಾಗವೆಂದರೆ ಅಡಿಗೆಮನೆಯ ಅಟ್ಟ, ಅದೂ ಉಪ್ಪಿನಕಾಯಿಯ ಭರಣಿ ತೆಗೆಯಲು. ಭರಣಿ ಮೊದಲು ಕೆಳಗೆ ಬಂತು, ನಾನು ಅದರ ಹಿಂದೆ ಬಂದೆ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಮಲಗಿದರೆ ನಾನು ಬೇರೆಯೇ ಮನುಷ್ಯ. ಸರ್ಕಾರಿ ಕಚೇರಿಯಲ್ಲಿ ಅಹಲ್ಕಾರ, ಎಂದರೆ ಗುಮಾಸ್ತನಾಗಿ ವಾರವೆಲ್ಲ ಉರ್ದುವಿನಲ್ಲಿ ಬಲದಿಂದ ಎಡಕ್ಕೆ ಬರೆದು ಬರೆದು ಬೆರಳು ಸವೆದಿರುತ್ತವೆ. ಶುಕ್ರವಾರ ರಜೆ. ಅಂದು ಊಟವಾದ ಮೇಲೆ ಮಾಳಿಗೆಯ ಮೇಲೆ ಬೇವಿನ ನೆರಳಿಗೆ ಹೊರಸು ಎಳೆದುಕೊಂಡು ಮಲಗುತ್ತೇನೆ. ಕಣ್ಣು ಅರ್ಧ ಮುಚ್ಚಿದರೆ ಸಾಕು, ಮೋಡಗಳು ಒಂದರ ಮೇಲೊಂದು ಬಂಡೆಗಳಾಗಿ ನಿಲ್ಲುತ್ತವೆ. ನಾನು ಧೋತರ ಕಟ್ಟಿ, ಒಂದರಿಂದ ಇನ್ನೊಂದಕ್ಕೆ ಕಾಲಿಡುತ್ತ, ಬಿಳಿ ಬಂಡೆಗಳ ಬಿರುಕಿನಲ್ಲಿ ಬೆರಳು ತೂರಿಸುತ್ತ, ಗಾಳಿ ತೂಗಿದ ಹಾಗೆ ಮೇಲೆ ಮೇಲೆ ಹೋಗುತ್ತೇನೆ. ಊರು ಕೆಳಗೆ ಸಣ್ಣದಾಗುತ್ತದೆ, ಅಪ್ಪನ ಕೆರೆಯೆಂಬ ಊರಕೆರೆ ಬಿದ್ದ ಕನ್ನಡಿಯ ಚೂರಿನಂತೆ ಹೊಳೆಯುತ್ತದೆ. ಅಲ್ಲಿ ನನಗೆ ಏದುಸಿರಿಲ್ಲ, ಮೊಣಕಾಲು ನೋವಿಲ್ಲ. ಏಳುವಾಗ ಮಾತ್ರ ಹೊರಸಿನ ಹಗ್ಗದ ಗುರುತು ಬೆನ್ನ ಮೇಲೆ ಮೂಡಿರುತ್ತದೆ.

ಈ ಸುಖಕ್ಕೆ ಕಲ್ಲು ಬಿದ್ದದ್ದು ಮದುವೆಯಿಂದ. ನನ್ನ ಹೆಂಡತಿ ನೀಲಮ್ಮನ ತವರು ಕಮಲಾಪುರ. ಆ ಊರಿನಲ್ಲಿ ನೆಲಕ್ಕೆ ಏನೋ ಸಿಟ್ಟು ಬಂದು ಅಲ್ಲಲ್ಲಿ ಎದ್ದು ನಿಂತಿದೆ. ಮಣ್ಣು ಕೆಂಪು, ಕಲ್ಲು ಕೆಂಪು, ಕಡೆಗೆ ಬಾಳೆಹಣ್ಣೂ ಕೆಂಪು. ಮಾವನವರ ಹೊಲದ ನಡುವೆ ತೂತುತೂತಾದ ಒಂದು ದೊಡ್ಡ ಕೆಂಪು ಗುಂಡುಕಲ್ಲು ಇದೆ, ಮನೆಯ ಮಾಳಿಗೆಗಿಂತ ಎತ್ತರ. ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯವರೆಲ್ಲ ಹೊಲಕ್ಕೆ ಹೋಗಿ, ಬೆಳೆಯ ತಾಯಿಗೆ ಎಡೆ ಮಾಡಿ, ಆ ಎಡೆಯ ತುತ್ತನ್ನು ಚರಗವೆಂದು ಹೊಲಕ್ಕೆ ಚೆಲ್ಲಿ, ಆಮೇಲೆ ಊಟ ಮಾಡುತ್ತಾರೆ. ಎಲ್ಲರೂ ಹೊಲದ ಸುತ್ತ ನಡೆದು ಚೆಲ್ಲುತ್ತಾರೆ. ಮಾವನವರ ಮನೆತನಕ್ಕೆ ಅಷ್ಟು ಸಾಲದು. ಅವರ ಮನೆಯ ಹಿರಿಯ ಅಳಿಯ ಆ ಗುಂಡು ಹತ್ತಿ, ತುದಿಯಲ್ಲಿ ನೆಟ್ಟಗೆ ನಿಂತು, ತನ್ನ ಹೆಂಡತಿಯ ಹೆಸರು ಕೂಗಿ ಮೊದಲ ತುತ್ತು ಭೂಮಿಗೆ ಎಸೆಯಬೇಕು. ಯಾವ ಮಗಳ ಹೆಸರು ಅಲ್ಲಿಂದ ಕೇಳುತ್ತದೋ ಅವಳೇ ಆ ವರ್ಷ ಆ ಮನೆಯ ದೊಡ್ಡ ಮಗಳು. ಆ ಕಲ್ಲಿಗೆ ಹೆಸರೇ ಅಳಿಯನ ಗುಂಡು. ಹೆಣ್ಣು ನೋಡಲು ಹೋದಾಗ ನನಗೆ ಹುಡುಗಿಯನ್ನು ತೋರಿಸಿದರು, ಹೊಲ ತೋರಿಸಿದರು, ಆ ಕಲ್ಲಿನ ಪದ್ಧತಿಯನ್ನು ಮಾತ್ರ ಯಾರೂ ಹೇಳಲಿಲ್ಲ.

ಮದುವೆಯಾದ ಮೊದಲ ವರ್ಷ ಎಳ್ಳಮಾವಾಸ್ಯೆಗೆ ನನಗೆ ಜ್ವರ ಬಂತು. ಮರುವರ್ಷ ಕಚೇರಿಯ ಕೆಲಸ ಬಂತು. ಅದರ ಮುಂದಿನ ವರ್ಷ ಏನೂ ಬರಲಿಲ್ಲವಾದ್ದರಿಂದ ನಾನೇ ಹೋಗಬೇಕಾಯಿತು. ಹೋಗಿ ಗುಂಡಿನ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದೆ. ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರಲ್ಲ, ಹತ್ತಿರದ್ದು ಹೇಗಿರುತ್ತದೆಂದು ಯಾರೂ ಹೇಳಿರಲಿಲ್ಲ. ‘ಭೂಮಿತಾಯಿ ಕೆಳಗೇ ಇದ್ದಾಳಲ್ಲ, ಮೇಲಿಂದ ಯಾಕೆ ಎಸೆಯಬೇಕು’ ಎಂದು ತರ್ಕ ಹೂಡಿ, ಅಲ್ಲೇ ನಿಂತು ತುತ್ತು ಚೆಲ್ಲಿಬಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಬೀಗರ ಮನೆಯಲ್ಲಿ ಯಾರೂ ಏನೂ ಅನ್ನದಿರುವುದಕ್ಕಿಂತ ದೊಡ್ಡ ಬೈಗುಳ ಇನ್ನೊಂದಿಲ್ಲ.

ಹೋದ ವರ್ಷ ದೀಪಾವಳಿಗೆ ಬಂದ ಅತ್ತೆಯವರು ಹೋಗುವಾಗ ಹೊಸ್ತಿಲಲ್ಲಿ ನಿಂತು, ಬಹಳ ಮಮತೆಯಿಂದ ಹೇಳಿದರು: “ಅಳಿಯಂದ್ರೆ, ಈ ಸಲ ನೀವು ಏನೂ ತ್ರಾಸ ತಗೋಬ್ಯಾಡ್ರಿ. ಗುಂಡು ನಮ್ಮ ಶರಣಪ್ಪ ಹತ್ತತಾನ. ನೀವು ಆರಾಮ ಕುಂತು ಭಜ್ಜಿ ರೊಟ್ಟಿ ಉಣ್ರಿ.” ಶರಣಪ್ಪನೆಂದರೆ ಕೋಟನೂರಿನ ಹುಡುಗ, ನೀಲಮ್ಮನ ತಂಗಿ ಗುರಮ್ಮನ ಗಂಡ, ನನ್ನ ಷಡ್ಡಕ. ಎತ್ತು ಮಲಗಿದರೆ ಎತ್ತಿ ನಿಲ್ಲಿಸುವಂಥ ಆಳು. ನನಗಂತೂ ಆ ಮಾತು ಕೇಳಿ ಎದೆಯ ಭಾರ ಇಳಿಯಿತು. ‘ದೇವರು ದೊಡ್ಡವ’ ಎಂದುಕೊಂಡು ತಿರುಗಿ ನೋಡಿದರೆ ನೀಲಮ್ಮ ಕಂಬ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು. ತಂಗಿಯ ಹೆಸರು ಮೇಲಿಂದ ಕೇಳುತ್ತದೆ, ತಾನು ಕೆಳಗೆ ಅಂಬಲಿಯ ಗಡಿಗೆ ಹಿಡಿದು ನಿಂತಿರಬೇಕು. ಆ ದಿನದಿಂದ ಅವಳು ರೊಟ್ಟಿ ಬಡಿಯುವ ಸಪ್ಪಳ ಸ್ವಲ್ಪ ಜೋರಾಯಿತು. ಆ ಪೆಟ್ಟಿನಲ್ಲಿ ನನ್ನ ಬೆನ್ನಿಗೂ ಪಾಲಿದ್ದ ಹಾಗೆ ಅನಿಸುತ್ತಿತ್ತು. ಹೆಂಡತಿಯ ಕಣ್ಣೀರು ನೋಡಿದ ಮೇಲೆ ಹೊರಸಿನ ಮೇಲೆ ಮೋಡ ಹತ್ತುವುದೂ ಕಷ್ಟವಾಯಿತು. ಹತ್ತೇಬಿಡೋಣ ಎಂದು ನಿಶ್ಚಯ ಮಾಡಿದೆ.

ನಿಶ್ಚಯ ಮಾಡಿದವನು ಗುರುವನ್ನು ಹುಡುಕಬೇಕು. ನಮ್ಮ ಓಣಿಯ ತಾಲೀಮು ಮನೆಯಲ್ಲಿ ಚಾಂದ್ ಪೈಲ್ವಾನರು ಎಂಬ ಹಿರಿಯರಿದ್ದರು. ಕುಸ್ತಿ ಬಿಟ್ಟು ಬಹಳ ಕಾಲವಾಗಿತ್ತು, ಮೀಸೆ ಮಾತ್ರ ಇನ್ನೂ ಅಖಾಡದಲ್ಲೇ ಇತ್ತು. ಅವರು ಜನ್ಮದಲ್ಲಿ ಯಾವ ಕಲ್ಲನ್ನೂ ಹತ್ತಿದವರಲ್ಲ. ಆದರೆ ಹೇಳಿಕೊಡಲು ಅದು ಅಡ್ಡಿಯಾಗಬೇಕೆಂಬ ನಿಯಮವೇನೂ ಇಲ್ಲವಲ್ಲ. ನನ್ನ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಯಾ ಅಲ್ಲಾ! ಇದು ತೋಳಾ, ಲೇಖಣಿಕಿನಾ?” ಎಂದರು. ಆಮೇಲೆ ಸಮಾಧಾನ ಹೇಳಿದರು: “ಫಿಕರ್ ಮಾಡಬ್ಯಾಡ ರಾಚಪ್ಪ ಮಿಯಾಂ. ಕಲ್ಲು ಹತ್ತೋದು ಕೈಲಿಂದ ಅಲ್ಲ, ದಿಲ್‌ಲಿಂದ. ಹಿಮ್ಮತ್ ಬೇಕು. ಹಾಲು, ಬಾದಾಮಿ, ಬೈಠಕ್. ಮತ್ತ ಕಲ್ಲಿನ ಮುಂದ ನಿಂತು ಮೀಸಿ ತಿರುವು. ಕಲ್ಲು ಅಂಜತದ.” ಮೀಸೆ ಇಲ್ಲದವರೇನು ಮಾಡಬೇಕೆಂದು ಕೇಳಿದೆ. ಬೆಳೆಸಬೇಕೆಂದರು. ನಾನು ಬೈಠಕ್ ಹೊಡೆದೆ, ಬಾದಾಮಿ ತಿಂದೆ. ಮರುದಿನ ಕಚೇರಿಯ ಮೆಟ್ಟಿಲು ಹತ್ತಲು ಕಾಲು ಬಾರದೆ ಕಂಬ ಹಿಡಿದು ನಿಂತೆ.

ಅಭ್ಯಾಸಕ್ಕೆಂದು ಅವರೇ ಒಂದು ಶುಕ್ರವಾರ ನನ್ನನ್ನು ಕೋಟೆಗೆ ಕರೆದುಕೊಂಡು ಹೋದರು. ಹಳೆಯ ಗೋಡೆ ಅಲ್ಲಲ್ಲಿ ಜರಿದಿತ್ತು, ಸಂದಿಗಳಲ್ಲಿ ಹುಲ್ಲು ಬೆಳೆದಿತ್ತು. ಗುರುಗಳು ನೆರಳಲ್ಲಿ ಹಾಸಿಕೊಂಡು ಕುಳಿತು “ಶಾಬಾಸ್!” ಎನ್ನಲು ಸಿದ್ಧರಾದರು. ನಾನು ಶೇರವಾನಿ ಕಳಚಿಟ್ಟು, ಗೋಡೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು, ಕಣ್ಣು ಮುಚ್ಚಿ, ದಿಲ್‌ಲಿಂದ ಹತ್ತತೊಡಗಿದೆ. ನೆಲಬಿಟ್ಟು ಒಂದಾಳೆತ್ತರಕ್ಕೆ ಹೋಗುವಷ್ಟರಲ್ಲಿ ತೋಳು ಸೋತು ನಡುಗಲು ಶುರುವಾಯಿತು. ಎದೆ ಕಲ್ಲಿಗೆ ಅಂಟಿತ್ತು, ಕಾಲು ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕಣ್ಣು ತೆರೆದು ಮೇಲೆ ನೋಡಿದರೆ, ಗೋಡೆಯ ತುದಿಯಲ್ಲಿ ಒಂದು ಆಡು ನಿಂತು ಮೆಲುಕು ಹಾಕುತ್ತ ನನ್ನನ್ನೇ ನೋಡುತ್ತಿತ್ತು. ಅದರ ಗಡ್ಡ, ಗಾಂಭೀರ್ಯ, ಆ ಕರುಣೆಯ ದೃಷ್ಟಿ! ನಾಚಿಕೆಯಿಂದ ಕೈ ಸಡಿಲಿ ಜಾರಿಬಿಟ್ಟೆ. ಕೈಲಾಗದವ ಮೈ ಪರಚಿಕೊಂಡ ಎಂಬ ಗಾದೆಯನ್ನು ಗಲ್ಲದಿಂದ ಮೊಣಕಾಲಿನವರೆಗೆ ಬರೆಸಿಕೊಂಡು ಮನೆಗೆ ಬಂದೆ.

ಅರಿಶಿನ ಹಚ್ಚುವಾಗ ನೀಲಮ್ಮ ಕೇಳಿದಳು, “ಎಲ್ಲಿ ಬಿದ್ರಿ?” ಸುಳ್ಳು ಹೇಳಲು ಬಾಯಿ ತೆರೆದೆ, ಆಗಲಿಲ್ಲ. ಪೈಲ್ವಾನರು, ಬಾದಾಮಿ, ಆಡು, ಎಲ್ಲ ಹೇಳಿಬಿಟ್ಟೆ. ಆಡಿನ ಮಾತು ಬಂದಾಗ ಅವಳು ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ತಡೆಯಲಾರದೆ ನಕ್ಕಳು. ನಕ್ಕು ನಕ್ಕು ಕಣ್ಣೊರೆಸಿಕೊಂಡು, “ನನ್ನ ಸಲುವಾಗಿ ಹತ್ತಾಕ ಹೋಗಿದ್ರ್ಯಾ?” ಎಂದಳು. ಆ ಧ್ವನಿ ಕೇಳಿ ಎಷ್ಟು ದಿನವಾಗಿತ್ತೋ! ಮೈಯೆಲ್ಲ ಉರಿಯುತ್ತಿದ್ದರೂ ಅಷ್ಟು ಸುಖದ ಸಂಜೆ ನನ್ನ ಸಂಸಾರದಲ್ಲಿ ಹೆಚ್ಚಿಲ್ಲ.

“ಕಲ್ಲು ತಬ್ಬಿಕೊಂಡ್ರ ಹೆಂಗ ಹತ್ತತೀರಿ? ಅದೇನು ನಿಮ್ಮ ಸೋದರಮಾವನ?” ಎಂದು ಮರುದಿನದಿಂದ ಪಾಠ ಶುರುವಾಯಿತು. ನಮ್ಮ ಹಿತ್ತಲಿನ ಗೋಡೆ ಬರಿಯ ಕಲ್ಲಿನದು, ಗಾರೆ ಗಿಲಾವು ಕಂಡಿದ್ದಲ್ಲ. ಅವಳು ಆಚೆ ಈಚೆ ನೋಡಿ, ಸೀರೆಯ ನಿರಿಗೆ ಎತ್ತಿ ಕಚ್ಚೆ ಹಾಕಿ, ಬೆಕ್ಕು ಹತ್ತಿದ ಹಾಗೆ ಹತ್ತಿ ಗೋಡೆಯ ಮೇಲೆ ಕುಳಿತಳು. ನಾನು ಬಾಯಿ ತೆರೆದುಕೊಂಡು ನಿಂತೆ. ಸಣ್ಣವಳಿದ್ದಾಗ ಆಕಳು ಕಾಯಲು ಹೋಗಿ ಆ ಅಳಿಯನ ಗುಂಡಿನ ಮೇಲೇ ಬೆಳೆದವಳಂತೆ! “ಕೈ ಬರೇ ಹಿಡಿಯಾಕ ಅದಾವ್ರಿ. ಏರಸೋದು ಕಾಲು. ಮೈ ಹಿಂದ ಬಿಡ್ರಿ, ಕಾಲು ಎಲ್ಲಿ ಇಡತೀರಿ ಅನ್ನೋದು ಕಣ್ಣಿಗಿ ಕಾಣ್ಲಿ. ತೋಳು ಚಾಚಿ ಜೋತು ಬಿಡ್ರಿ, ಮಡಚಿದ್ರ ಸೋಲತಾವ. ಉಸುರು ಯಾಕ ಹಿಡೀತೀರಿ? ನೀರಿನ್ಯಾಗ ಮುಳುಗೀರೇನು?” ಎಂದು ಮೇಲಿನಿಂದ ಒಂದೊಂದೇ ಹೇಳುವಳು. ‘ನೀನೇ ಹತ್ತಬಹುದಲ್ಲ’ ಎಂದು ಬಾಯಿಗೆ ಬಂತು. ಆದರೆ ಆ ಗುಂಡು ಗಂಡಸರದ್ದು, ದೊಡ್ಡವಳಾದ ಮೇಲೆ ಅದರ ಮೇಲೆ ಕಾಲಿಡುವಂತಿಲ್ಲ ಎಂದು ಅವಳೇ ಹೇಳಿದಳು. ಹೇಳುವಾಗ ಗೋಡೆಯ ಮೇಲಿನಿಂದ ಬಹಳ ದೂರ, ಕಮಲಾಪುರದ ದಿಕ್ಕಿಗೆ ನೋಡುತ್ತಿದ್ದಳು.

ನಂಬಿದರೆ ನಂಬಿ, ನಾನು ಸುಧಾರಿಸಿದೆ. ಮೊದಲು ಮೊಣಕಾಲುದ್ದ, ಆಮೇಲೆ ಎದೆಯುದ್ದ, ಒಂದು ಸಂಜೆ ಗೋಡೆಯ ತಲೆಯೇ ನನ್ನ ಅಂಗೈಗೆ ಸಿಕ್ಕಿತು. ಬೆರಳ ತುದಿಗೆ ಕಲ್ಲಿನ ಗುಣ ತಿಳಿಯತೊಡಗಿತು. ಯಾವ ಅಂಚು ಹಿಡಿತ ಕೊಡುತ್ತದೆ, ಯಾವುದು ಮೋಸ ಮಾಡುತ್ತದೆ ಎಂದು ಕಾಲಿನ ಹೆಬ್ಬೆರಳೇ ಹೇಳುತ್ತಿತ್ತು. ಇದರಿಂದ ನನ್ನ ತಲೆ ಸ್ವಲ್ಪ ಕೆಟ್ಟಿತೆಂದೂ ಹೇಳಬೇಕು. ಕಚೇರಿಯಲ್ಲಿ ಕಲಮು ಹಿಡಿದು ಕುಳಿತರೆ ಎದುರಿನ ಗೋಡೆಯಲ್ಲಿ ದಾರಿ ಕಾಣುತ್ತಿತ್ತು. ಅಲ್ಲಿ ಗೂಡು, ಇಲ್ಲಿ ಮೊಳೆ, ಆ ಕಿಟಕಿಯ ಅಂಚು, ಅಲ್ಲಿಂದ ತೊಲೆ. ಟಾಂಗಾದಲ್ಲಿ ಹೋಗುವಾಗ ಬುರುಜು, ಗುಮ್ಮಟ, ಬೇವಿನ ಮರ ಎಲ್ಲವೂ ‘ಬಾ, ಹತ್ತು’ ಎಂದು ಕರೆಯುತ್ತಿದ್ದವು. ನಾನು ಕುಳಿತಲ್ಲೇ ಒಂದೊಂದನ್ನೂ ಹತ್ತಿ, ಆಕಾಶ ಮುಟ್ಟಿ, ಅಲ್ಲೇ ಕೂತು ಗಾಳಿ ತಿನ್ನುತ್ತಿದ್ದೆ. ಟಾಂಗಾದವನು “ಇಳೀರಿ ಸಾಹೇಬ, ಮನಿ ಬಂತು” ಎಂದಾಗ ಎಚ್ಚರವಾಗುತ್ತಿತ್ತು.

ಎಳ್ಳಮಾವಾಸ್ಯೆ ಬಂತು. ಹಿಂದಿನ ದಿನವೇ ಬಂಡಿ ಕಟ್ಟಿಸಿ ಹೊರಟೆವು. ಕಪನೂರ ದಾಟಿದ ಮೇಲೆ ದಾರಿಯ ಎರಡೂ ಕಡೆ ಜೋಳದ ಬೆಳೆ, ತೆನೆ ಹಾಲುಗಟ್ಟಿ ತೂಗುತ್ತಿತ್ತು. ಚಳಿಯ ಬಿಸಿಲು, ಎತ್ತಿನ ಗೆಜ್ಜೆ, ಪಕ್ಕದಲ್ಲಿ ಕಡಬಿನ ಬುಟ್ಟಿಯ ವಾಸನೆ. ನಾನು ಅರೆನಿದ್ದೆಯಲ್ಲಿ ಅಷ್ಟೊತ್ತಿಗೆ ಗುಂಡನ್ನು ಎಷ್ಟು ಸಲ ಹತ್ತಿದ್ದೆನೋ. ಮರುದಿನ ಹೊಲದಲ್ಲಿ ಎಲ್ಲರೂ ಸೇರಿದರು. ಶರಣಪ್ಪ ಆಗಲೇ ಧೋತರ ಮೊಣಕಾಲಿಗೆ ಕಟ್ಟಿ ನಿಂತಿದ್ದ. ನಾನು ಕೆಮ್ಮಿ, “ಮಾವನವರೇ, ಈ ಸಲ ನಾನೇ ಹತ್ತುತ್ತೇನೆ” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆಯವರು “ಯವ್ವಾ!” ಎಂದರು. ಗುರಮ್ಮ ಅಕ್ಕನ ಮುಖ ನೋಡಿದಳು. ನೀಲಮ್ಮ ಏನೂ ಗೊತ್ತಿಲ್ಲದವಳಂತೆ ಅಂಬಲಿ ತಿರುವುತ್ತಿದ್ದಳು.

ಚರಗದ ಗಂಟನ್ನು ಬೆನ್ನಿಗೆ ಕಟ್ಟಿಕೊಂಡು ಹತ್ತಿದೆ. ತೋಳು ಚಾಚಿದೆ, ಮೈ ಹಿಂದೆ ಬಿಟ್ಟೆ, ಕಾಲು ನೋಡಿ ಇಟ್ಟೆ, ಉಸಿರಾಡಿದೆ. ಕೆಂಪುಕಲ್ಲಿನ ಒಂದೊಂದು ತೂತೂ ನನಗಾಗಿಯೇ ಕೊರೆದಿಟ್ಟ ಹಾಗಿತ್ತು. ಕೆಳಗೆ ಯಾರೋ “ಭಲೇ” ಎಂದರು. ಇನ್ನೊಮ್ಮೆ ಕೈ ಎತ್ತಿದರೆ ಹಿಡಿಯಲು ಕಲ್ಲಿರಲಿಲ್ಲ, ಬರೀ ಗಾಳಿ. ತುದಿ ಮುಟ್ಟಿದ್ದೆ! ಅಂಬೆಗಾಲಲ್ಲಿ ಸರಿದು ಕುಳಿತು ತಲೆ ಎತ್ತಿದೆ. ಜೋಳದ ಹೊಲಗಳು ಕಣ್ಣು ಮುಟ್ಟುವವರೆಗೂ ಹರವಿಕೊಂಡಿದ್ದವು. ಗಾಳಿ ಬಂದರೆ ಅಷ್ಟೂ ಬೆಳೆ ಒಂದೇ ಸಲ ಬಾಗಿ, ಒಂದೇ ಸಲ ಏಳುತ್ತಿತ್ತು. ಬಾಳೆಯ ತೋಟಗಳ ಮೇಲೆ ತೆಳ್ಳನೆಯ ಮಬ್ಬು. ಪ್ರತಿ ಹೊಲದಿಂದಲೂ “ಹುಲ್ಲುಲ್ಲಿಗ್ಯೋ” ಎಂಬ ಚರಗದ ಕೂಗು ಸಣ್ಣಗೆ ತೇಲಿ ಬರುತ್ತಿತ್ತು. ನಾನು ಎಲ್ಲಿದ್ದೇನೆ, ಯಾಕೆ ಬಂದೆ ಎಂಬುದೇ ಮರೆತುಹೋಯಿತು. ಹೊರಸಿನ ಮೇಲೆ ಕಂಡದ್ದೆಲ್ಲ ನಿಜವಾಗಿ ಇತ್ತಲ್ಲ ಎಂದು ಕಣ್ಣು ತುಂಬಿ ಬಂತು.

“ಅಣ್ಣಾರ, ನಿಂದರ್ರಿ! ಹೆಸರು ಕೂಗ್ರಿ!” ಎಂದು ಶರಣಪ್ಪ ಕೂಗಿದ. ನಿಲ್ಲಲು ಹೋಗಿ, ಕೆಳಗೆ ನೋಡಿದೆ. ನೋಡಬಾರದಿತ್ತು. ಅತ್ತೆಯವರು ಅಂಗೈಯಷ್ಟಾಗಿದ್ದರು. ಕೂತಲ್ಲಿಂದ ಏಳಲಾರೆ, ಕಲ್ಲು ಬಿಟ್ಟು ಗಂಟಿಗೆ ಕೈ ಹಾಕಲಾರೆ, ಬಾಯಿ ಒಣಗಿ ಹೆಂಡತಿಯ ಹೆಸರೂ ಹೊರಡಲೊಲ್ಲದು. ಹತ್ತುವುದನ್ನು ಮಾತ್ರ ಕಲಿತಿದ್ದೆ. ಹಿತ್ತಲಿನ ಗೋಡೆಗೆ ಆಚೆ ಬದಿಯಲ್ಲಿ ಜೋಳದ ಒಣದಂಟಿನ ಕಣಿಕೆಯ ಬಣಿವೆ ಇದ್ದುದರಿಂದ ಪ್ರತಿ ಸಲವೂ ಅದರ ಮೇಲೆ ಉರುಳಿಬಿಡುತ್ತಿದ್ದೆ. ಇಳಿಯುವುದು ಎಂಬ ವಿದ್ಯೆಯೊಂದು ಬೇರೆಯೇ ಇದೆ ಎಂದು ಗುರುವಿಗೂ ಹೊಳೆದಿರಲಿಲ್ಲ, ಶಿಷ್ಯನಿಗೂ ಹೊಳೆದಿರಲಿಲ್ಲ.

ಹೊತ್ತಾಯಿತು. ಎಲ್ಲರಿಗೂ ಹಸಿವು. “ತಡೀರಿ, ನಾ ಹತ್ತಿ ಚರಗಾ ಚೆಲ್ಲಿ ಅಣ್ಣಾರನ್ನ ಇಳಸ್ತೀನಿ” ಎಂದು ಶರಣಪ್ಪ ಮುಂದೆ ಬಂದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಂದ. ಅವನು ಹತ್ತಿದರೆ ಗುರಮ್ಮನ ಹೆಸರು. ನಾನು ಮೇಲೆ ಕಲ್ಲಿಗೆ ಅಂಟಿಕೊಂಡು ‘ಆಯಿತು, ಎಲ್ಲ ಹೋಯಿತು’ ಎಂದು ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಕೆಳಗಿನಿಂದ ನೀಲಮ್ಮನ ಧ್ವನಿ ಕೇಳಿತು: “ಶರಣಪ್ಪ, ಸರೀಪಾ ಸ್ವಲ್ಪ.” ಅಂಬಲಿಯ ಗಡಿಗೆ ತಾಯಿಯ ಕೈಗೆ ಕೊಟ್ಟಳು, ಕಚ್ಚೆ ಹಾಕಿದಳು.

“ಏ ನೀಲವ್ವಾ, ಹೆಣ್ಣಮಕ್ಕಳು ಹತ್ತಬಾರದವ್ವ!” ಎಂದು ಅತ್ತೆಯವರು ಕೂಗಿಕೊಂಡರು.

“ಯವ್ವಾ, ಸಣ್ಣಾಕಿ ಇದ್ದಾಗ ದಿನಾ ಹತ್ತೀನಿ. ಆವಾಗ ಗುಂಡಿಗಿ ಸಿಟ್ಟು ಬಂದಿತ್ತೇನು?” ಎಂದಳು. ಅತ್ತೆಯವರು ಮಾವನವರನ್ನು ನೋಡಿದರು. ಮಾವನವರು ರುಮಾಲು ತೆಗೆದು ತಲೆ ತುರಿಸಿಕೊಂಡು ಆಕಾಶ ನೋಡಿದರು.

ಅವಳು ಹತ್ತಿ ಬಂದು ನನ್ನ ಪಕ್ಕದಲ್ಲಿ ನಿಂತಳು. ನಿಂತಳು, ಕೂಡಲಿಲ್ಲ. ಗಾಳಿಗೆ ಸೆರಗು ಹಾರುತ್ತಿತ್ತು. ನನ್ನ ಬೆನ್ನಿನ ಗಂಟು ಬಿಚ್ಚಿ ತುತ್ತು ಕೈಗೆ ತೆಗೆದುಕೊಂಡಳು. ಆಗ ಕೆಳಗೆ ಎಲ್ಲರಿಗೂ ಒಮ್ಮೆಲೇ ತೊಡಕು ಹೊಳೆಯಿತು. ಹತ್ತಿದವರು ಹೆಂಡತಿಯ ಹೆಸರು ಕೂಗಬೇಕು. ಹತ್ತಿದವಳೇ ಹೆಂಡತಿಯಾದರೆ? ಗಂಡನ ಹೆಸರು ಕೂಗಬೇಕಾದೀತು. ಮದುವೆಯಾದಂದಿನಿಂದ ನನ್ನ ಹೆಸರು ಅವಳ ಬಾಯಿಂದ ಬಂದದ್ದಿಲ್ಲ. ‘ರೀ’ ಎಂದರೆ ನಾನು, ‘ನಮ್ಮನಿಯವ್ರು’ ಎಂದರೂ ನಾನು. ಮದುವೆಯಲ್ಲಿ ಹೆಂಗಸರೆಲ್ಲ ಬಾಗಿಲು ಅಡ್ಡಗಟ್ಟಿದಾಗಲೂ ಗಂಡನ ಹೆಸರು ಹೆಣೆದ ಒಡಪು ಹೇಳಲು ನಾಚಿ ತಲೆ ತಗ್ಗಿಸಿದವಳು ಅವಳು. ಈಗ ತಲೆ ಎತ್ತಿ, ಊರಿಗೆಲ್ಲ ಕೇಳುವ ಹಾಗೆ ಹೇಳಿದಳು:

“ಹತ್ತೋದು ಕಲ್ತು ಬಂದು ಇಳಿಯೋದು ಮರ್ತಾರ,
ನಮ್ಮ ರಾಚಪ್ಪನೋರು ಗುಂಡಿನ ಮ್ಯಾಲ ಕುಂತಾರ!”

“ಹುಲ್ಲುಲ್ಲಿಗ್ಯೋ!” ಎಂದು ತುತ್ತು ಎಸೆದಳು. ಕೆಳಗೆ ನಗೆಯೋ ನಗೆ. ಗುರಮ್ಮ ಚಪ್ಪಾಳೆ ಹೊಡೆದು ಅಕ್ಕನನ್ನು ನೋಡಿ ಕುಣಿದಳು. ಅತ್ತೆಯವರು ನಕ್ಕರೋ ಅತ್ತರೋ ನನಗೆ ಅಷ್ಟು ಎತ್ತರದಿಂದ ತಿಳಿಯಲಿಲ್ಲ. ನನಗೆ ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ನನ್ನ ಹೆಸರು ಅಷ್ಟು ಚೆನ್ನಾಗಿದೆ ಎಂದು ನನಗೆ ಅಂದಿನವರೆಗೆ ಗೊತ್ತಿರಲಿಲ್ಲ. ಆಮೇಲೆ ಅವಳು ನನಗಿಂತ ಕೆಳಗೆ ಇಳಿದು ನಿಂತು, “ಕಲ್ಲಿನ ಕಡಿ ಮುಖಾ ಮಾಡ್ರಿ. ಎಡಗಾಲು ಬಿಡ್ರಿ. ನಾ ಹಿಡದೀನಿ, ಅಂಜಬ್ಯಾಡ್ರಿ” ಎನ್ನುತ್ತ ನನ್ನ ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ತೂತಿಗಿಟ್ಟು ಇಳಿಸಿದಳು. ನೆಲ ಮುಟ್ಟಿದ ಮೇಲೆ ಮಾವನವರು ಮಗಳ ತಲೆಯ ಮೇಲೆ ಕೈಯಿಟ್ಟು, “ಇನ್ನ ಮ್ಯಾಲ ನೀನೇ ಹತ್ತು, ನೀಲವ್ವ. ನಮ್ಮ ಹೊಲಕ್ಕ ನಿನ್ನ ಧ್ವನಿನೇ ಛಲೋ” ಎಂದರು. ಶರಣಪ್ಪ ನನಗೆ ಎರಡು ಕಡಬು ಹೆಚ್ಚು ಬಡಿಸಿದ.

ಈ ವರ್ಷ ಎಳ್ಳಮಾವಾಸ್ಯೆ ಹತ್ತಿರ ಬಂದಂತೆ ಮಾವನವರು ಬಂಡಿಯವನ ಸಂಗಡ ಹೇಳಿ ಕಳಿಸಿದ್ದಾರೆ: “ನೀಲವ್ವನ್ನ ತಪ್ಪಸದೆ ಕಳಸ್ರಿ. ಅಳಿಯಂದ್ರಿಗಿ ರಜಾ ಸಿಗಲಿಲ್ಲಂದ್ರ ಏನೂ ಅಡ್ಡಿಯಿಲ್ಲ.” ನಾನು ಅದೇ ದಿನ ರಜೆ ಕೇಳಲು ಕಚೇರಿಯ ಪೇಶಕಾರ ಸಾಹೇಬರ ಮುಂದೆ ಹೋಗಿ ಕೈಕಟ್ಟಿ ನಿಂತೆ. ಹೋದ ವರ್ಷದ ಕತೆ ಕಚೇರಿಯಲ್ಲೆಲ್ಲ ಹಬ್ಬಿತ್ತು. ಸಾಹೇಬರು ಕನ್ನಡಕದ ಮೇಲಿನಿಂದ ನೋಡಿ, “ಅರೆ ರಾಚಪ್ಪ, ಹತ್ತುವವರು ನಿಮ್ಮ ಮನೆಯವರು. ನಿಮಗೆ ಅಲ್ಲೇನು ಕೆಲಸ?” ಎಂದರು.

“ಹುಜೂರ್, ವರ್ಷಕ್ಕೊಮ್ಮೆ ಅವಳು ನನ್ನ ಹೆಸರು ಹಿಡಿದು ಕೂಗುತ್ತಾಳೆ. ಕೆಳಗೆ ನಿಂತು ‘ಓ’ ಅನ್ನಲಿಕ್ಕೆ ನಾನಿರಬೇಕಲ್ಲ” ಎಂದೆ.